ಅರವತ್ತಮೂರು ಮಂದಿಯ ಆಟ ಕಾಯುವ ಜಯಕ್ಕ

ಬೆಳಗಿನ ಆರು ಗಂಟೆ. ಸಂಕ್ರಾಂತಿ ಮುಗಿದರೂ ಚಳಿ ಬಿಟ್ಟಿಲ್ಲ. ಆಂಧ್ರದ ಗಡಿಯೊಳಗಿನ ಆದವಾನಿಯ ಹತ್ತಿ ಮಾರುಕಟ್ಟೆಯ ಗೇಟಿನ ಹೊರಗೆ ಲಾರಿ, ಟ್ರ್ಯಾಕ್ಟರುಗಳ ಸಾಲು ಆಗಲೇ ರಸ್ತೆಯ ತಿರುವು ದಾಟಿದೆ. ಗೇಟಿನ ಎದುರಿಗೆ ಚಹಾದ ಬಂಡಿ, ಅದರ ಪಕ್ಕಕ್ಕೊಂದು ಮರದ ಮೇಜು, ಮೇಜಿನ ಹಿಂದೆ ಜಯಕ್ಕ. ಹಣೆಯಲ್ಲಿ ವಿಭೂತಿ, ಮೂಗಿನ ತುದಿಗೆ ಕನ್ನಡಕ, ಕೈಯಲ್ಲಿ ಹೊಲಿಗೆ ಸೂಜಿ. ಫೋನೊಂದರ ಚಾರ್ಜಿಂಗ್ ತೂತಿಗೆ ಸೂಜಿ ಇಳಿಸಿ ಮೆಲ್ಲಗೆ ತಿರುವಿ ಎಳೆಯುತ್ತಾರೆ. ಒಳಗಿಂದ ಕಡಲೆಬೇಳೆ ಗಾತ್ರದ ಹತ್ತಿ ಉಂಡೆ ಹೊರಗೆ ಬರುತ್ತದೆ.

"ಈ ಊರಾಗ ಫೋನು ಅಷ್ಟ್ ಸುಲಭ ಕೆಡಂಗಿಲ್ರಿ. ಹತ್ತಿ ತಿಂದು ಹೊಟ್ಟಿ ಕಟ್ಟಿಕೊಂತಾವ, ಅಷ್ಟ," ಎನ್ನುತ್ತಾರೆ. ಹತ್ತಿಯ ಸೀಸನ್ನಿನಲ್ಲಿ ದಿನಕ್ಕೆ ಇಪ್ಪತ್ತು, ಇಪ್ಪತ್ತೈದು ಫೋನುಗಳ ಹೊಟ್ಟೆ ಹೀಗೆ ಅವರ ಸೂಜಿಯಿಂದ ಹಗುರಾಗುತ್ತದೆ.

ಆ ಫೋನು ಹಮಾಲಿ ಯಂಕಣ್ಣ ಅವರದು. ಕೆಲಸ ಮುಗಿದರೂ ಅವರು ಜಾಗ ಬಿಟ್ಟು ಕದಲುವುದಿಲ್ಲ. "ಜಯಕ್ಕಾ, ಬೈಕಿನ ಆಟದಾಗ ಎಡಗಡಿ ಗುಂಡಿ ಬೆರಳಿಗೆ ಸಿಗವಲ್ದು. ಸ್ವಲ್ಪ ಕೆಳಗ ಇಳಿಸು." ಜಯಕ್ಕ ಅವರ ಹೆಬ್ಬೆರಳನ್ನು ಪರದೆಯ ಮೇಲೆ ಇಡಿಸುತ್ತಾರೆ. ಮೂಟೆ ಹೊತ್ತು ದಪ್ಪಗಟ್ಟಿದ ಬೆರಳು ಎಲ್ಲಿ ಬೀಳುತ್ತದೆಂದು ನೋಡಿ, ಪರದೆಯೊಳಗಿನ ಗುಂಡಿಯನ್ನು ಅಲ್ಲಿಗೇ ಎಳೆದು, ಒಂದಿಷ್ಟು ದೊಡ್ಡದು ಮಾಡಿ ಕೂರಿಸುತ್ತಾರೆ. ದರ್ಜಿ ಅಂಗಿಗೆ ಅಳತೆ ತೆಗೆದ ಹಾಗೆ. ಯಂಕಣ್ಣ ಎರಡು ಸುತ್ತು ಬೈಕು ಓಡಿಸಿ, ತಲೆಯಾಡಿಸಿ ಗೇಟಿನ ಕಡೆ ನಡೆಯುತ್ತಾರೆ.

ಇದೇ ಅವರ ಅಸಲಿ ಕಸುಬು, ಹಳೆಯ ವಿಡಿಯೊ ಗೇಮುಗಳನ್ನು ಫೋನಿಗೆ ಹಾಕಿಕೊಡುವುದು. ಟಿವಿಗೆ ಡಬ್ಬಿ ಜೋಡಿಸಿ, ಕ್ಯಾಸೆಟ್ ಸಿಕ್ಕಿಸಿ, ಪರೀಕ್ಷೆಯ ಹಿಂದಿನ ದಿನವೂ ಆಡಿ ಅಪ್ಪನ ಕೈಯಲ್ಲಿ ಒದೆ ತಿಂದೆವಲ್ಲ, ಅವೇ ಆಟಗಳು. ಅವನ್ನು ಫೋನಿನಲ್ಲಿ ಓಡಿಸುವ ಆ್ಯಪ್‌ಗೆ ಎಮ್ಯುಲೇಟರ್ ಎಂದು ಹೆಸರು. ಅದು ಹೇಗೆ ಕೆಲಸ ಮಾಡುತ್ತದೆಂದು ಎರಡು ಲೇಖನ ಓದಿಯೂ ನನ್ನ ತಲೆಗೆ ಹತ್ತಿರಲಿಲ್ಲ. ಜಯಕ್ಕ ಒಂದೇ ಮಾತಿನಲ್ಲಿ ಮುಗಿಸಿದರು: "ಫೋನು ವೇಷ ಹಾಕ್ತೈತ್ರಿ, ನಾನ ಆ ಹಳೇ ಡಬ್ಬಿ ಅಂತ. ಪಾಪ, ಆಟ ನಂಬಿಬಿಡತೈತಿ."

ಇದಕ್ಕೆ ನೆಟ್ ಬೇಡ, ನಡುವೆ ಜಾಹೀರಾತು ಬಂದು ಕಾಡುವುದಿಲ್ಲ, ಗಾಜು ಒಡೆದ ಅಗ್ಗದ ಫೋನಿನಲ್ಲೂ ಓಡುತ್ತದೆ. ತೂಕದ ಸರದಿಗೆ ಅರ್ಧ ದಿನ ಕಾಯುವ ರೈತನಿಗೂ ಲಾರಿ ಡ್ರೈವರಿಗೂ ಇನ್ನೇನು ಬೇಕು? ನಾನೂ ಆಸೆಗೆ ಬಿದ್ದು ಒಂದು ಕೈ ನೋಡಿದೆ. ಮೊದಲನೇ ಹಂತದ ಮೊದಲನೇ ಹಳ್ಳಕ್ಕೇ ಬಿದ್ದೆ. ಸಾಲಿನಲ್ಲಿದ್ದ ಡ್ರೈವರೊಬ್ಬರು ಮುಖ ಆ ಕಡೆ ತಿರುಗಿಸಿಕೊಂಡು ನಕ್ಕರು.

ಜಯಕ್ಕನಿಗೀಗ ಐವತ್ತೆರಡು. ಎಮ್ಮಿಗನೂರಿನಿಂದ ಮದುವೆಯಾಗಿ ಬಂದಾಗ ಗಂಡ ಚಂದ್ರಣ್ಣ ಬಜಾರಿನ ಸಂದಿಯೊಂದರಲ್ಲಿ ನಾಲ್ಕು ಟಿವಿ ಇಟ್ಟುಕೊಂಡು ಗಂಟೆಗಿಷ್ಟು ಎಂದು ಗೇಮ್ ಆಡಿಸುತ್ತಿದ್ದರು. ಆಗಲೂ ಹತ್ತಿಯದೇ ಕಾಟ. ಎಳೆ ಹೋಗಿ ಕ್ಯಾಸೆಟ್ಟಿನೊಳಗೆ ಕೂತರೆ ಆಟ ನಿಲ್ಲುತ್ತಿತ್ತು. ಅದನ್ನು ಬಿಚ್ಚಿ, ಶಾಲೆ ಮಕ್ಕಳ ರಬ್ಬರಿನಿಂದ ಹಿತ್ತಾಳೆ ಹಲ್ಲುಗಳನ್ನು ಉಜ್ಜಿ ಸರಿಮಾಡುವುದು ಹೊಸ ಸೊಸೆಯ ಕೆಲಸವಾಯಿತು. ಬೆಸುಗೆ ಹಾಕುವುದನ್ನೂ ಅಲ್ಲೇ ಕಲಿತರು. ಮುಂದೆ ಎಲ್ಲರ ಕೈಗೂ ಫೋನು ಬಂತು, ಅಂಗಡಿ ಮುಚ್ಚಿತು. ಟಿವಿಗಳು ಗುಜರಿಗೆ ಹೋದವು. ಚಂದ್ರಣ್ಣ ಹತ್ತಿಯ ಬೀಜ ಬಿಡಿಸುವ ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ತೂಕದ ಕೆಲಸಕ್ಕೆ ಸೇರಿದರು. ಕ್ಯಾಸೆಟ್ಟುಗಳನ್ನು ಮಾತ್ರ ಜಯಕ್ಕ ಜೋಳದ ಡಬ್ಬಿಯಲ್ಲಿ ಮುಚ್ಚಿಟ್ಟರು. ಹತ್ತು ವರ್ಷದ ಹಿಂದೆ ಮಗಳು ಅಶ್ವಿನಿ ತನ್ನ ಫೋನಿನಲ್ಲಿ ಅದೇ ಹಳೆಯ ಆಟ ಆಡಿ ತೋರಿಸಿದಾಗ ಈ ಮೇಜು ಹುಟ್ಟಿಕೊಂಡಿತು.

ಹಾದಿ ಸಲೀಸೇನೂ ಆಗಿರಲಿಲ್ಲ. ಗೇಟಿನ ಮುಂದೆ ಹೆಂಗಸು ಕೂತು ಗೇಮ್ ಹಾಕಿಕೊಡುವುದೆಂದರೆ ನಕ್ಕವರೇ ಹೆಚ್ಚು. ವರ್ಷವಿಡೀ ಹತ್ತಿ ಧೂಳಿನ ಕೆಮ್ಮು. ಬಲಗಣ್ಣು ಮಂಜಾಗಿದೆ. ಇಸ್ಪೀಟಿನ ಆ್ಯಪ್ ಹಾಕಿಕೊಡಿ ಎಂದು ಕೇಳುವವರ ಕಾಟ ಬೇರೆ. "ರೊಕ್ಕದ ಆಟ ನಾ ಮುಟ್ಟಂಗಿಲ್ಲ. ವದ್ದು ನಾಯನಾ, ಪೋ ಅಂತ ಕಳಸ್ತೀನಿ," ಎಂದು, 'ಬೇಡಪ್ಪಾ, ಹೋಗು' ಅನ್ನುವುದನ್ನು ತೆಲುಗಿನಲ್ಲೇ ಗದರಿಸಿ ತೋರಿಸುತ್ತಾರೆ.

ಆದರೆ ನಾನು ಇಲ್ಲಿಗೆ ಬಂದದ್ದು ಇನ್ನೊಂದು ಪದ್ಧತಿಯ ಸುದ್ದಿ ಕೇಳಿ. ಕೋಸಗಿ ಕಡೆಯ ನೂರಾರು ಕುಟುಂಬಗಳು ವರ್ಷದಲ್ಲಿ ಎಷ್ಟೋ ತಿಂಗಳು ಕೂಲಿಗೆ ಊರು ಬಿಡುತ್ತವೆ. ಹೋದ ಕಡೆ ಫೋನು ಒಡೆಯುತ್ತದೆ, ಕಳೆಯುತ್ತದೆ, ಮಾರಾಟವಾಗುತ್ತದೆ. ಹಾಗಾಗಿ ಹೊರಡುವ ಮುಂಚೆ ಜಯಕ್ಕನ ಹತ್ತಿರ 'ಆಟ ಇಟ್ಟು' ಹೋಗುತ್ತಾರೆ. ಅಂದರೆ, ಅಲ್ಲಿಯವರೆಗೆ ಆಡಿ ಉಳಿಸಿದ್ದನ್ನೆಲ್ಲ ಜಯಕ್ಕ ತಮ್ಮ ಮೆಮೊರಿ ಕಾರ್ಡಿಗೆ ಅವರವರ ಹೆಸರಿನಲ್ಲಿ ಇಳಿಸಿಕೊಳ್ಳುತ್ತಾರೆ. ಮರಳಿ ಬಂದವರು ಬಿಟ್ಟಲ್ಲಿಂದಲೇ ಮುಂದುವರಿಸಬಹುದು. ಹೀಗೆ ಅರವತ್ತಮೂರು ಮಂದಿಯ ಆಟ ಉಗುರಿನಷ್ಟು ಅಗಲದ ಒಂದು ಕಾರ್ಡಿನಲ್ಲಿತ್ತು. ಒಂದೇ ಒಂದು ಕಾರ್ಡಿನಲ್ಲಿ. ಅದೇ ಹೋದ ದಸರಾದಲ್ಲಿ ಅವರ ನಿದ್ದೆ ಕೆಡಿಸಿತು.

ಕೋಸಗಿಯ ಲಿಂಗಕ್ಕ ಹೋದ ವರ್ಷ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೊರಡುವಾಗ ಇಟ್ಟದ್ದು ಹೊಲ ಮಾಡುವ ಆಟ. ಬಿತ್ತಬೇಕು, ನೀರು ಹಾಯಿಸಬೇಕು, ದನ ಸಾಕಬೇಕು. ಅದನ್ನು ಶುರು ಮಾಡಿದ್ದು ಮಗಳು ಸುಷ್ಮಿತಾ, ಮೂರು ವರ್ಷ ಆಡಿ ಎಂಟು ಆಕಳು ಮಾಡಿದ್ದಳು. ರಾಯಚೂರಿಗೆ ಮದುವೆಯಾಗಿ ಹೋಗುವಾಗ ಅವ್ವನ ಫೋನಿನಲ್ಲೇ ಬಿಟ್ಟು, "ಯವ್ವಾ, ದಿನಾ ನೀರು ಹಾಯಿಸು, ನಾ ಬಂದಾಗ ಆಕಳ ಎಣಸ್ತೀನಿ" ಅಂದಿದ್ದಳಂತೆ. ಲಿಂಗಕ್ಕ ಆಟ ಕಲಿತದ್ದೇ ಆ ಮಾತಿಗೆ. ಬೆಂಗಳೂರಿನಲ್ಲಿ ಗೋಡೆಗೆ ನೀರು ಹೊಡೆಯುವ ತೊಟ್ಟಿಗೆ ಬಿದ್ದು ಫೋನು ಸತ್ತಿತು. ದಸರಾ ಮುಗಿದ ಮರುದಿನ ಸೆಕೆಂಡ್ ಹ್ಯಾಂಡ್ ಫೋನು ಹಿಡಿದು ಜಯಕ್ಕನ ಮುಂದೆ ನಿಂತರು. ದೀಪಾವಳಿಗೆ ಮಗಳು ಬರುವವಳಿದ್ದಳು.

ಜಯಕ್ಕ ಕಾರ್ಡು ಹಾಕಿದರು. ಕಾರ್ಡು ಕೆಟ್ಟಿದೆ, ಎಲ್ಲ ಅಳಿಸಿ ಹೊಸದಾಗಿ ಮಾಡಲೇ ಎಂದು ಫೋನು ಕೇಳಿತು.

"ಆಕಿ ಮುಖ ನೋಡಾಕ ಆಗಲಿಲ್ರಿ," ಎಂದು ನೆನೆಯುತ್ತಾರೆ ಜಯಕ್ಕ. ದೊಡ್ಡ ಮೊಬೈಲ್ ಅಂಗಡಿಯೊಂದಕ್ಕೆ ಒಯ್ದರು. ಅಲ್ಲಿಯವನು ನೋಡನೋಡುತ್ತಲೇ 'ಯೆಸ್' ಮೇಲೆ ಬೆರಳು ಇಡಲು ಹೋದ. ಒತ್ತಿದ್ದರೆ ಅರವತ್ತಮೂರು ಮಂದಿಯ ಆಟಕ್ಕೂ ಎಳ್ಳುನೀರು. ಜಯಕ್ಕ ಫೋನನ್ನು ಕಸಿದುಕೊಂಡು ಬಂದುಬಿಟ್ಟರು. ಮೂರು ದಿನ ಯಾರಿಗೂ ಮುಟ್ಟಗೊಡಲಿಲ್ಲ, ಸರಿಯಾಗಿ ಊಟವನ್ನೂ ಮಾಡಲಿಲ್ಲ.

ನಾಲ್ಕನೇ ದಿನ ಬೆಳಿಗ್ಗೆ ಚಂದ್ರಣ್ಣ ಕೆಲಸಕ್ಕೆ ಹೊರಟವರು ಕಾರ್ಡನ್ನು ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದರು. ಆಮೇಲೆ ಹೆಂಡತಿಯ ಹಣೆ ನೋಡಿದರು. "ಜಯಾ, ಆಯುಧ ಪೂಜಿಗೆ ಕಾರ್ಡಿಗೂ ವಿಭೂತಿ ಹಚ್ಚೀಯೇನು?"

ಹಚ್ಚಿದ್ದರು. ಸೂಜಿಗೆ, ಸ್ಕ್ರೂಡ್ರೈವರಿಗೆ, ಬೆಸುಗೆ ಕಡ್ಡಿಗೆ ಹಚ್ಚಿ, ಅನ್ನ ಕೊಡುವ ಕಾರ್ಡನ್ನು ಬಿಡುವುದುಂಟೇ? ಮೇಲ್ಮುಖಕ್ಕೆ ಗುರುತಿಗೆಂದು ಕೆಂಪು ಉಗುರು ಬಣ್ಣವಿತ್ತು, ಅದು ಮುಚ್ಚಿಹೋಗಬಾರದೆಂದು ಮಗುಚಿ ಹಾಕಿ, ಹಿಂದೆ ಫೋನಿಗೆ ತಾಗುವ ಬಂಗಾರ ಬಣ್ಣದ ಗೆರೆಗಳ ಮೇಲೆ ನೆನೆಸಿದ ವಿಭೂತಿ ಎಳೆದಿದ್ದರು. ಒಣಗಿ ತೆಳ್ಳಗೆ ಹಿಡಿದುಕೊಂಡಿದ್ದು ಮಂಜುಗಣ್ಣಿಗೆ ಕಂಡಿರಲಿಲ್ಲ. "ವಿಭೂತಿ ಮ್ಯಾಲ ಯಾರಾದ್ರೂ ಅನುಮಾನ ಪಡ್ತಾರೇನ್ರಿ?" ಎಂದು ನನ್ನನ್ನೇ ಕೇಳುತ್ತಾರೆ. ಇಲ್ಲವೆಂದೆ.

ಹೊಸ ಸೊಸೆಯಾಗಿದ್ದಾಗ ಕಲಿತ ವಿದ್ಯೆಯೇ ಕೈಹಿಡಿಯಿತು. ರಬ್ಬರು ತಂದು ಒಂದೊಂದೇ ಗೆರೆಯನ್ನು ಹಗುರವಾಗಿ ಉಜ್ಜಿದರು. ಕಾರ್ಡು ಹಾಕಿದರು. ಅರವತ್ತಮೂರು ಹೆಸರು ಸಾಲಾಗಿ ಇಳಿದು ಬಂದವು. ಜಯಕ್ಕ ಅಲ್ಲೇ ನೆಲದ ಮೇಲೆ ಕೂತು ಅತ್ತರಂತೆ. ಚಂದ್ರಣ್ಣ ಅಂದು ಕೆಲಸಕ್ಕೆ ತಡವಾಗಿ ಹೋದರು. ಇದನ್ನು ಕೇಳುವಾಗ, ಎಂಟು ಆಕಳಲ್ಲಿ ಒಂದನ್ನೂ ಕಾಣದ ನನಗೂ ಎದೆ ಹಗುರಾಯಿತು.

ಈಗ ಕಾರ್ಡು ಮೂರಾಗಿವೆ. ಒಂದು ಮೇಜಿನಲ್ಲಿ, ಒಂದು ಜೋಳದ ಡಬ್ಬಿಯಲ್ಲಿ, ಇನ್ನೊಂದು ಅಶ್ವಿನಿಯ ಮನೆಯಲ್ಲಿ. ಮುಂದಿನ ಆಸೆ ಏನು ಎಂದರೆ ದೊಡ್ಡದೇನೂ ಇಲ್ಲ. "ಹನ್ನೊಂದು ಮಂದಿ ಆಟ ಇಟ್ಟು ಹೋದವರು ಇನ್ನೂ ಬಂದಿಲ್ರಿ. ಬಂದು ಕೇಳಿದ್ರ ಸಾಕು."

ನಾವು ಮಾತಾಡುತ್ತಿರುವಾಗಲೇ ಗಂಟು ಹೊತ್ತ ಹೆಂಗಸೊಬ್ಬರು ಮೇಜಿನ ಮುಂದೆ ಬಂದು ನಿಲ್ಲುತ್ತಾರೆ. ಲಿಂಗಕ್ಕ. ಸಂಜೆ ಬೆಂಗಳೂರು ಗಾಡಿ ಹಿಡಿಯಬೇಕು. ದೀಪಾವಳಿಗೆ ಮಗಳು ಬಂದು ಎಣಿಸಿದಳೇ ಎಂದು ಕೇಳುತ್ತೇನೆ. "ಎಣಿಸಿದಳ್ರಿ. ಎಂಟೂ ಅದಾವ. ಈಗ ಒಂದು ಕರಾನೂ ಹಾಕೈತಿ," ಎಂದು ಸೆರಗಿನಿಂದ ಫೋನು ಬಿಚ್ಚಿ ಮೇಜಿನ ಮೇಲಿಡುತ್ತಾರೆ. "ಇಳಿಸ್ಕೋ ಜಯಕ್ಕಾ."

ಜಯಕ್ಕ ಫೋನು ಮುಟ್ಟುವುದಿಲ್ಲ. "ಅಷ್ಟೆಲ್ಲಾ ಆದಮ್ಯಾಲೂ ನನ್ನ ಕೈಯಾಗ ಕೊಡ್ತೀಯೇನು?"

"ಮೂರು ದಿನ ನೀ ಯೆಸ್ ಒತ್ತಲಿಲ್ಲಲ್ಲ," ಎನ್ನುತ್ತಾರೆ ಲಿಂಗಕ್ಕ.

ಜಯಕ್ಕ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಳ್ಳುತ್ತಾರೆ. ಕಾರ್ಡು ಹಾಕಿ, ಇಳಿಸಿ, ಹೆಸರು ಎರಡು ಸಲ ನೋಡಿ, ಫೋನು ತಿರುಗಿ ಕೊಡುತ್ತಾರೆ. ಲಿಂಗಕ್ಕ ಬಸ್ ಸ್ಟ್ಯಾಂಡಿನ ಕಡೆ ಹೋದ ಮೇಲೆ ನನ್ನತ್ತ ತಿರುಗಿ, ಬರೆದುಕೊಳ್ಳಿ ಎಂಬಂತೆ ಹೇಳುತ್ತಾರೆ:

"ಬರೋ ದಸರಾಕ್ಕ ವಿಭೂತಿ ಜೋಳದ ಡಬ್ಬಿಗೆ ಹಚ್ಚತೀನ್ರಿ. ಕಾರ್ಡಿಗೆ ಬರೇ ಕೈ ಮುಗೀತೀನಿ."