ಸೊನ್ನೆ ಬರೆದ ಸಿಸ್ಟರ್

ಶಸ್ತ್ರಚಿಕಿತ್ಸೆಯ ವಾರ್ಡಿನಲ್ಲಿ ಇಪ್ಪತ್ತೆರಡು ವರ್ಷ ಸವೆಸಿದ ಆಕೆಯನ್ನು ಎಲ್ಲರೂ ದೊಡ್ಡ ಸಿಸ್ಟರ್ ಎಂದೇ ಕರೆಯುತ್ತಿದ್ದರು. ಆಕೆ ಯಾರನ್ನೂ ಬೈದವಳಲ್ಲ. ಆದರೂ ಆಕೆ ಒಳಗೆ ಬಂದರೆ ಕಿರಿಯ ನರ್ಸುಗಳ ಹರಟೆ ತಾನಾಗಿ ನಿಲ್ಲುತ್ತಿತ್ತು. ಉಳಿದವರು ಊಟಕ್ಕೆ ಮೇಜಿನ ಸುತ್ತ ಕೂತರೆ, ಆಕೆ ಔಷಧಿ ಕೋಣೆಯಲ್ಲಿ ನಿಂತೇ ನಾಲ್ಕು ತುತ್ತು ಬಾಯಿಗೆ ಹಾಕಿಕೊಂಡು ಕೈ ತೊಳೆಯುತ್ತಿದ್ದಳು.

ನರ್ಸುಗಳ ಒತ್ತಡವನ್ನು ಅಳೆಯಲು ಒಬ್ಬ ಸಂಶೋಧಕಿ ಬಂದಳು. ಹಾಳೆಯಲ್ಲಿ ನಲವತ್ತು ಪ್ರಶ್ನೆ. ನಿದ್ದೆ ಕೆಡುತ್ತದೆಯೇ, ರೋಗಿ ತೀರಿಕೊಂಡ ದಿನ ಊಟ ಸೇರುವುದಿಲ್ಲವೇ, ಹೇಳಿಕೊಳ್ಳಲು ಯಾರೂ ಇಲ್ಲ ಅನ್ನಿಸುತ್ತದೆಯೇ, ಹೀಗೆ. ಪ್ರತಿಯೊಂದಕ್ಕೂ, ಇಲ್ಲವೇ ಇಲ್ಲ ಎಂದರೆ ಸೊನ್ನೆ, ಯಾವಾಗಲೂ ಎಂದರೆ ನಾಲ್ಕು, ಹೀಗೆ ಅಂಕ ಹಾಕಬೇಕು. ದೊಡ್ಡ ಸಿಸ್ಟರ್ ಐದೇ ನಿಮಿಷದಲ್ಲಿ ನಲವತ್ತಕ್ಕೂ ಸೊನ್ನೆ ಬರೆದುಕೊಟ್ಟಳು. ಆಮೇಲೆ ರಕ್ತದೊತ್ತಡ ನೋಡಿದರೆ, ಇಡೀ ವಾರ್ಡಿನಲ್ಲಿ ಆಕೆಯದೇ ಹೆಚ್ಚು.

"ಸಿಸ್ಟರ್, ಹಾಳೆ ಒಂದು ಹೇಳುತ್ತೆ, ನಿಮ್ಮ ತೋಳು ಇನ್ನೊಂದು ಹೇಳುತ್ತಲ್ಲ?"

"ಹಾಳೆಗೆ ಹೇಳಿ ಏನಾಗ್ಬೇಕಮ್ಮ?" ಎಂದು ಆಕೆ ತೋಳು ಇಳಿಸಿಕೊಂಡು ಎದ್ದಳು.

ಒತ್ತಡ ತಗ್ಗಿಸಲು ಸಂಶೋಧಕಿ ಒಂದು ಏರ್ಪಾಡು ಮಾಡಿದಳು. ಬೆಳಗಿನ ಪಾಳಿ ಮುಗಿದ ಮೇಲೆ ಇಪ್ಪತ್ತು ನಿಮಿಷ ಬಾಗಿಲು ಮುಚ್ಚಿ ಎಲ್ಲರೂ ಕೂರಬೇಕು. ಬೇಕಾದವರು ಮಾತಾಡಬಹುದು, ಬೇಡದವರು ಸುಮ್ಮನಿರಬಹುದು. ದೊಡ್ಡ ಸಿಸ್ಟರ್ ಎಂಟು ದಿನ ತುಟಿ ಬಿಚ್ಚಲಿಲ್ಲ.

ಒಂಬತ್ತನೆಯ ದಿನ ಆರನೇ ಹಾಸಿಗೆಯ ಮುದುಕ ತೀರಿಕೊಂಡಿದ್ದ. ನಲವತ್ತು ದಿನ ಒಬ್ಬರೂ ಆತನನ್ನು ನೋಡಲು ಬಂದಿರಲಿಲ್ಲ. ದಿನಾ ಆತನ ತಲೆ ಬಾಚುತ್ತಿದ್ದವಳು ದೊಡ್ಡ ಸಿಸ್ಟರೇ. ಎಲ್ಲರಿಗಿಂತ ಚಿಕ್ಕ ನರ್ಸು ಆತನನ್ನು ನೆನೆದು ಅತ್ತುಬಿಟ್ಟಳು. ಆಗ ದೊಡ್ಡ ಸಿಸ್ಟರ್ ನೆಲ ನೋಡುತ್ತಾ ಹೇಳಿದಳು:

"ಅವರ ಬಟ್ಟೆ ಗಂಟು ಕಟ್ಟಿಟ್ಟೆ. ಯಾರಿಗೆ ತಿಳಿಸ್ಬೇಕು ಅಂತ ಫಾರಂ ನೋಡಿದ್ರೆ, ಮಗಳ ಹೆಸರಿದೆ, ಫೋನ್ ಮಾಡಿದ್ರೆ ಆ ನಂಬರೇ ಇಲ್ಲ. ನನ್ನ ನೌಕರಿ ಫಾರಂನಲ್ಲಿ ತಂಗಿ ಹೆಸರು ಬರ್ದಿದೀನಿ. ಅವಳ ಹತ್ರ ಮಾತಾಡಿ ಹನ್ನೊಂದು ತಿಂಗಳಾಯ್ತು."

ಚಿಕ್ಕ ನರ್ಸು ತನ್ನ ಕುರ್ಚಿಯನ್ನು ಒಂದಿಷ್ಟು ಆಕೆಯ ಹತ್ತಿರಕ್ಕೆ ಎಳೆದುಕೊಂಡಳು.

ಮೂರು ತಿಂಗಳಿಗೆ ಮತ್ತೆ ಅಳೆದರು. ಉಳಿದ ಎಲ್ಲರ ಅಂಕ ಇಳಿದಿತ್ತು. ದೊಡ್ಡ ಸಿಸ್ಟರ್ ಅಂಕ ಮಾತ್ರ ಸೊನ್ನೆಯಿಂದ ಎಂಬತ್ತೇಳಕ್ಕೆ ಏರಿತ್ತು. ಇದರಿಂದ ಲೆಕ್ಕವೆಲ್ಲ ಕೆಡುತ್ತದೆ, ತೆಗೆದುಹಾಕು ಎಂದು ಸಂಶೋಧಕಿಗೆ ಅವಳ ಮೇಲಿನವರು ಹೇಳಿದರಂತೆ. ಇದೊಂದೇ ಆಕೆಯ ನಿಜವಾದ ಅಳತೆ ಎಂದು ಸಂಶೋಧಕಿ ಹಟ ಹಿಡಿದು ಉಳಿಸಿಕೊಂಡಳು. ಆದರೆ ಆಕೆಯ ರಕ್ತದೊತ್ತಡ ತುಸು ತಗ್ಗಿತ್ತು.

ಆ ಸಂಜೆ ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತು ಆಕೆ ತಂಗಿಗೆ ಫೋನ್ ಮಾಡಿದಳು.

"ಯಾಕಕ್ಕ, ಯಾರಿಗೇನಾಯ್ತು?" ತಂಗಿಯ ದನಿಯಲ್ಲಿ ಗಾಬರಿ.

"ಯಾರಿಗೂ ಏನಿಲ್ಲ ಕಣೇ. ಸುಮ್ನೆ ಮಾಡ್ದೆ."

ಮುಂದೆ ಏನು ಮಾತಾಡಬೇಕೆಂದು ಇಬ್ಬರಿಗೂ ತೋಚಲಿಲ್ಲ. ಆದರೂ ಇಬ್ಬರೂ ಫೋನ್ ಇಡಲಿಲ್ಲ. ಆಕೆಯ ಬಸ್ಸು ಬಂದು, ನಿಂತು, ಹೊರಟುಹೋಯಿತು.