ಅಪ್ಪನ ಎಲೆಗೆ ಬೋಟಿ ಗೊಜ್ಜು

ನಾನು ಮಾಂಸದೂಟ, ನಮ್ಮ ಕಡೆಯ ಮಾತಿನಲ್ಲಿ ಬಾಡು, ಬಿಟ್ಟು ಬಹಳ ವರ್ಷಗಳಾದವು. ಇವತ್ತಿಗೂ ಯಾರಾದರೂ ಎದುರಿಗೆ ಕುಳಿತು, ತಿಂದರೆ ಏನು ತಪ್ಪು ಎಂದು ಶುರು ಮಾಡಿದರೆ ನಾನು ಸುಮ್ಮನಿರುವವನಲ್ಲ. ಈ ವಿಷಯದಲ್ಲಿ ನನ್ನನ್ನು ಮಾತಿನಲ್ಲಿ ಸೋಲಿಸಿದವರು ಕಡಿಮೆ. ಜಂಬವೆಂದುಕೊಂಡರೂ ಸರಿಯೇ, ಇದ್ದದ್ದು ಇದ್ದ ಹಾಗೆ ಹೇಳುತ್ತಿದ್ದೇನೆ. ಆದರೆ ಗೆದ್ದು ಕೆಟ್ಟ ಒಂದು ವಾದವೂ ನನ್ನ ಬದುಕಿನಲ್ಲಿದೆ. ಅದನ್ನು ಬಿಟ್ಟು ಉಳಿದದ್ದನ್ನೆಲ್ಲ ಹೇಳಿದರೆ ಮೋಸವಾಗುತ್ತದೆ.

ಐವತ್ತರ ದಶಕದ ನಡುವಿನ ಮಾತು. ನನಗಾಗ ಇಪ್ಪತ್ತಮೂರು. ಚಾಮರಾಜನಗರದ ಒಂದು ಪ್ರೈಮರಿ ಸ್ಕೂಲಿನಲ್ಲಿ ಮೇಷ್ಟ್ರಾಗಿದ್ದೆ. ನಮ್ಮೂರು ಗುಂಡ್ಲುಪೇಟೆ ತಾಲ್ಲೂಕಿನದು. ತೆರಕಣಾಂಬಿ ದಾಟಿದ ಮೇಲೆ ಬಸ್ಸಿಳಿದು ಎರಡು ಮೈಲಿ ನಡೆಯಬೇಕು. ಬೇಸಾಯದ ಮನೆ, ಬಾಡು ತಿನ್ನುವ ಮನೆ. ನಾನೊಬ್ಬನೇ ಮಗ.

ಪಟ್ಟಣದಲ್ಲಿ ನನಗೆ ರೂಮು ಕೊಟ್ಟವರು ದವಸದ ವ್ಯಾಪಾರ ಮಾಡುತ್ತಿದ್ದ ಒಬ್ಬ ಲಿಂಗಾಯತ ಯಜಮಾನರು. ಲಿಂಗಪೂಜೆ ಮುಗಿಯದೆ ಒಂದು ತೊಟ್ಟು ನೀರನ್ನೂ ಬಾಯಿಗೆ ಹಾಕದವರು. ಬೀಗದ ಕೈ ಕೊಡುವಾಗಲೇ ಹೇಳಿದ್ದರು: "ಮೇಷ್ಟ್ರೇ, ರೂಮಲ್ಲಿ ಬಾಡು ಬೇಯಿಸಂಗಿಲ್ಲ. ಆಚೆ ಉಂಡ್ಕೊಂಡು ಬಂದ್ರೆ ನಾನು ಕೇಳಲ್ಲ, ನೀವೂ ಹೇಳ್ಬೇಡಿ." ನ್ಯಾಯವಾದ ಮಾತು. ಭಾನುವಾರ ಬಂದರೆ ಉಮ್ಮತ್ತೂರಿನ ಕಡೆಯವರಾದ ನಮ್ಮ ಸ್ಕೂಲಿನ ಇನ್ನೊಬ್ಬ ಮೇಷ್ಟ್ರ ಮನೆಯಲ್ಲಿ ಹೊಟ್ಟೆ ಬಿರಿಯುವಂತೆ ಉಂಡು, ಬಾಯಿಗೆ ಎಲೆಅಡಿಕೆ ತುಂಬಿಕೊಂಡು ಸಂಭಾವಿತನ ಹಾಗೆ ರೂಮಿಗೆ ಬರುತ್ತಿದ್ದೆ.

ನಾನು ಬಾಡು ಬಿಟ್ಟದ್ದು ಯಜಮಾನರಿಗೆ ಹೆದರಿ ಅಲ್ಲ. ಒಂದು ಕೋಳಿಯಿಂದ. ಸಂತೆಮರಹಳ್ಳಿ ಸಂತೆಯಲ್ಲಿ ಭಾನುವಾರದ ಊಟಕ್ಕೆಂದು ಒಂದು ಹೇಂಟೆ ಕೊಂಡು, ಚೀಲದಲ್ಲಿಟ್ಟು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕುಳಿತಿದ್ದೆ. ದಾರಿಯಲ್ಲಿ ಅದು ಚೀಲದೊಳಗೇ ಮೊಟ್ಟೆಯಿಟ್ಟಿತು. ಬಟ್ಟೆಯ ಮೂಲಕ ಆ ಬಿಸಿ ನನ್ನ ತೊಡೆಗೆ ತಾಕಿತು. ಕುಯ್ಯಲು ಒಯ್ಯುತ್ತಿರುವವನ ತೊಡೆಯ ಮೇಲೆ ಇಷ್ಟು ನಂಬಿಕೆಯಿಂದ ಮೊಟ್ಟೆಯಿಡುವುದೆಂದರೆ! ಇಳಿದವನೇ ಕೋಳಿಯನ್ನೂ ಮೊಟ್ಟೆಯನ್ನೂ ಉಮ್ಮತ್ತೂರಿನ ಮೇಷ್ಟ್ರ ಕೈಗೆ ಕೊಟ್ಟು, ನನಗೆ ಇನ್ನು ಮೇಲೆ ಬೇಡ ಎಂದುಬಿಟ್ಟೆ. ಅವರು ಎರಡನ್ನೂ ಸಂತೋಷವಾಗಿ ತಿಂದರು.

ತಿಂದು ಸುಮ್ಮನಿದ್ದರೆ ಆಗುತ್ತಿತ್ತು. ಕೆಣಕಲು ಶುರು ಮಾಡಿದರು. "ಬಾಡು ಬುಟ್ರಿ, ಸರಿ. ಕರದ ಪಾಲಿನ ಹಾಲು ಕಿತ್ಕೊಂಡು ಕಾಫಿ ಕುಡೀತೀರಲ್ಲ, ಅದ್ಯಾವ ನ್ಯಾಯ ಮೇಷ್ಟ್ರೇ?" ಎಂದರು. ಮಾತಿಗೆ ಬಿದ್ದು ನಾನು ಹಾಲನ್ನೂ ಬಿಟ್ಟೆ. ಮೊಸರು, ಮಜ್ಜಿಗೆ, ತುಪ್ಪ ಯಾವುದೂ ಇಲ್ಲ. ಬೆಲ್ಲ ಹಾಕಿದ ಕರಿ ಕಾಫಿ ಕುಡಿದುಕೊಂಡು ಮೂರು ತಿಂಗಳು ಹಟ ಸಾಧಿಸಿದೆ. ನಾಲ್ಕನೆಯ ತಿಂಗಳು ಬೇಸಿಗೆ ಬಂತು. ಯಜಮಾನರ ಹೆಂಡತಿ ಕೊತ್ತಂಬರಿ, ಹಸಿಮೆಣಸಿನಕಾಯಿ ಹಾಕಿ ಕಡೆದ ಮಜ್ಜಿಗೆಯ ಮುಂದೆ ನನ್ನ ಹಟ ಮಗುಚಿಕೊಂಡಿತು. ಆಮೇಲೆ ಆ ಮೇಷ್ಟ್ರು ರೇಷ್ಮೆಯ ವಿಷಯ ಹಿಡಿದರು: "ಗೂಡ್ನ ಜೀವಂತ ಬೇಯ್ಸಿ ತೆಗ್ದ ನೂಲಿನ ಮಗಟ ಉಟ್ಕೊಂಡು ಪೂಜೆಗೆ ಕೂರೋರು ನಮ್ಗೆ ಬುದ್ಧಿ ಯೋಳ್ತಾರೆ!" ನನ್ನ ಪಂಚೆ ಹತ್ತಿಯದು ಸ್ವಾಮಿ, ಮಗಟ ಉಟ್ಟವರನ್ನು ಕೇಳಿ ಎಂದೆ. ಹೀಗೆ ದಿನಾ ಮಾತಿಗೆ ಮಾತು. ನನ್ನ ನಾಲಿಗೆ ಸಾಣೆ ಹಿಡಿದ ಮಚ್ಚಿನಂತಾಯಿತು. ಆ ಮಚ್ಚನ್ನು ಹಿಡಿದುಕೊಂಡೇ ನಾನು ಊರಿಗೆ ಹೋದದ್ದು.

ಅದೇ ವರ್ಷ ಯುಗಾದಿ ಕಳೆದ ಮೇಲೆ ಅಪ್ಪನಿಗೆ ಕಾಮಾಲೆಯಾಯಿತು. ಕಣ್ಣು ಅರಿಶಿನದ ಬಣ್ಣಕ್ಕೆ ತಿರುಗಿತ್ತು. ನಾಟಿ ಪಂಡಿತರು ಔಷಧಿ ಅರೆದು ಕೊಟ್ಟು ಕಟ್ಟುನಿಟ್ಟಾಗಿ ಪಥ್ಯ ಹೇಳಿದರು: ಉಪ್ಪಿಲ್ಲ, ಖಾರವಿಲ್ಲ, ಎಣ್ಣೆಯಿಲ್ಲ, ಬಾಡಿನ ಹೆಸರೆತ್ತುವಂತಿಲ್ಲ, ಗಂಜಿ, ನೀರು ಮಜ್ಜಿಗೆ ಅಷ್ಟೆ. ಅಪ್ಪನೋ ಬೋಟಿ ಗೊಜ್ಜೆಂದರೆ ಪ್ರಾಣ ಬಿಡುವ ಮನುಷ್ಯ. ಆಡಿನ ಹೊಟ್ಟೆ, ಕರುಳು ಅಮ್ಮನ ಕೈಯಲ್ಲಿ ಗೊಜ್ಜಾಗಿ ಬಂದರೆ ಮೂರು ಮುದ್ದೆ ಇಳಿಯುತ್ತಿತ್ತು. ಹಾಸಿಗೆ ಹಿಡಿದ ಮೇಲೆ ದಿನಾ ಅದನ್ನೇ ಕೇಳಿದರಂತೆ. ಅಮ್ಮ ಕೊಡಲಿಲ್ಲ. "ವಾಸಿ ಮಾಡ್ಕೊ ಮೊದ್ಲು. ಪಥ್ಯ ಬುಟ್ಟ ದಿನ ಒಂದ್ ಗಡಿಗೆ ಮಾಡಾಕ್ತೀನಿ," ಎಂದು ಮಾತು ಕೊಟ್ಟಿದ್ದಳು. ಒಂದು ತಿಂಗಳು ಉಪ್ಪಿಲ್ಲದ ಗಂಜಿ ಕುಡಿದು ಅಪ್ಪ ತೀರಿಕೊಂಡರು. ಪಥ್ಯ ಬಿಡುವ ದಿನ ಬರಲೇ ಇಲ್ಲ.

ನಮ್ಮಲ್ಲಿ ಪಿತೃಪಕ್ಷದಲ್ಲಿ ಹಿರಿಯರ ಹಬ್ಬ ಮಾಡುತ್ತಾರೆ. ಸತ್ತವರಿಗೆ ಬದುಕಿದ್ದಾಗ ಏನು ಇಷ್ಟವಿತ್ತೋ ಅದನ್ನು ಬೇಯಿಸಿ, ನಡುಮನೆಯಲ್ಲಿ ಎಲೆ ಹಾಕಿ ಎಡೆಯಿಟ್ಟು, ಧೂಪ ಹಾಕಿ, ಎಲ್ಲರೂ ಆಚೆ ಬಂದು ಬಾಗಿಲೆಳೆದುಕೊಂಡು ಜಗಲಿಯ ಮೇಲೆ ಕೂರುವುದು. ಹಿರಿಯರು ಬಂದು ಉಂಡು ಹೋಗಲಿ ಎಂದು. ಎಡೆಯನ್ನು ಗಂಡುಮಗನೇ ಇಡಬೇಕು. ಅಪ್ಪ ಹೋದ ಮೇಲಿನ ಮೊದಲ ಹಬ್ಬಕ್ಕೆ ನಾನು ಹೋದಾಗ ಅಮ್ಮ ಮಸಾಲೆಗೆ ಮೆಣಸಿನಕಾಯಿ ಹುರಿಯುತ್ತಿದ್ದಳು. "ಬೋಟಿಗೆ ಯೋಳಿವ್ನಿ ಕಣ್ಲಾ. ನಿಮ್ಮಪ್ಪಂಗೆ ಕೊಟ್ಟ ಮಾತು ಅಂಗೇ ಉಳ್ಕಂಡದೆ," ಎಂದಳು.

ಅಲ್ಲಿಗೇ ನಾನು ಬಾಯಿ ಮುಚ್ಚಿಕೊಳ್ಳಬೇಕಿತ್ತು. ಮುಚ್ಚಲಿಲ್ಲ. ನನ್ನ ಕೈಯಿಂದ ಬಾಡಿನ ಎಡೆ ಇಡುವುದಿಲ್ಲ ಎಂದೆ. ಸತ್ತವರ ಹೆಸರಿನಲ್ಲಿ ಇನ್ನೊಂದು ಜೀವ ತೆಗೆಯುವುದು ಯಾವ ಪುಣ್ಯ ಎಂದು ಕೇಳಿದೆ. ಸತ್ತವರು ಉಣ್ಣುವುದುಂಟೆ, ಕೊನೆಗೆ ಉಣ್ಣುವವರು ನಾವೇ ಅಲ್ಲವೆ ಎಂದೆ.

"ಉಣ್ಣಲ್ಲ ಅಂದ್ಮೇಲೆ ಪಾಯಸನಾದ್ರೂ ಯಾಕ್ಲಾ ಮಡಗ್ತೀಯ?" ಎಂದು ಅಮ್ಮ ಕೇಳಿದಳು. ಅದು ಗೌರವಕ್ಕೆ ಎಂದು ನಾನು ಉತ್ತರ ಕೊಟ್ಟೆ. ಅವಳು ಹುರಿದ ಮೆಣಸಿನಕಾಯಿಯನ್ನು ಮೊರಕ್ಕೆ ಸುರಿದು, "ಆಯ್ತು ಬುಡು. ನಿನ್ ಕೈ ಇಲ್ದೆ ಎಡೆ ಇಲ್ಲ," ಎಂದಳು. ನಾನು ಗೆದ್ದೆ ಎಂದುಕೊಂಡೆ.

ಅಲಸಂದೆ ಕಾಳಿನ ಸಾರು, ಕುಂಬಳಕಾಯಿ ಪಲ್ಯ, ವಡೆ, ಪಾಯಸ ಎಲ್ಲ ಆಯಿತು. ಎಡೆಯಿಟ್ಟು, ಬಾಗಿಲೆಳೆದು, ಜಗಲಿಯಲ್ಲಿ ಕುಳಿತೆವು. ಅಕ್ಕಪಕ್ಕದ ಮನೆಗಳಿಂದ ಮಸಾಲೆಯ ಘಮ ಬರುತ್ತಿತ್ತು. ಹೊತ್ತು ಕಳೆದ ಮೇಲೆ ನಾನು, ಒಳಗಿರುವ ಹಿರಿಯರಿಗೆ ಗೊತ್ತಾಗಲೆಂದು ಕೆಮ್ಮಿ, ಬಾಗಿಲು ತೆಗೆದೆ. ಅಮ್ಮ ಹೊಸಿಲ ಮೇಲೆಯೇ ನಿಂತು ಅಪ್ಪನ ಎಲೆ ನೋಡಿದಳು. "ಸಾಯೋಗಂಟ ನಾನು ಪಥ್ಯ ಆಕ್ದೆ. ಸತ್ತ ಮೇಲೂ ನೀನು ಪಥ್ಯನೇ ಆಕ್ಬುಟ್ಟಲ್ಲೋ ಮಗ," ಎಂದಳು.

ತಪ್ಪೆಂದು ಒಪ್ಪಿಕೊಳ್ಳುವ ಬುದ್ಧಿ ನನಗಾಗ ಇರಲಿಲ್ಲ. ಹೆಂಗಸರ ಮಾತು, ನಾಲ್ಕು ದಿನಕ್ಕೆ ಸರಿಹೋಗುತ್ತಾಳೆ ಎಂದುಕೊಂಡು ಬಸ್ಸು ಹತ್ತಿದೆ. ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಆಮೇಲಿನದು ಇನ್ನೂ ಚೆನ್ನಾಗಿದೆ. ರಜಕ್ಕೆ ಊರಿಗೆ ಹೋದಾಗೆಲ್ಲ ನೋಡಿದೆ, ಅಮ್ಮ ಬಾಡು ಮುಟ್ಟುತ್ತಿರಲಿಲ್ಲ. ದಾಯಾದಿಗಳ ಮನೆಯಿಂದ ಬೋಗುಣಿಯಲ್ಲಿ ಬಂದದ್ದನ್ನು ಹಾಗೆಯೇ ಪಕ್ಕದ ಮನೆಗೆ ಕೊಟ್ಟುಬಿಡುತ್ತಿದ್ದಳು. ನನ್ನ ಉಪದೇಶ ತಾಯಿಗೇ ನಾಟಿತೆಂದು ನಾನು ಹಿಗ್ಗಿದೆ. ಉಮ್ಮತ್ತೂರಿನ ಮೇಷ್ಟ್ರ ಮುಂದೆ ಅದನ್ನೇ ಸಾಕ್ಷಿಯಾಗಿ ಹೂಡಿದೆ: ನೋಡಿ ಸ್ವಾಮಿ, ಐವತ್ತು ವರ್ಷ ತಿಂದ ಹೆಂಗಸು ನನ್ನ ಒಂದು ಮಾತಿಗೆ ಬಿಟ್ಟಳು!

ಅದೇ ಹುರುಪಿನಲ್ಲಿ ಒಂದು ಸಂಜೆ ಯಜಮಾನರ ಮುಂದೆಯೂ ಹೇಳಿದೆ. ಬಾಡಿಲ್ಲದ ಎಡೆ ಇಟ್ಟದ್ದು, ಅಮ್ಮನ ಮಾತು, ಅವಳು ಬಿಟ್ಟದ್ದು ಎಲ್ಲವನ್ನೂ. ಅವರೋ ಊರಿಗೇ ದೊಡ್ಡ ಸಸ್ಯಾಹಾರಿ. ಭೇಷ್ ಎನ್ನುತ್ತಾರೆಂದು ಕಾದೆ. ಅವರು ಮೂಟೆಯಿಂದ ಒಂದು ಹಿಡಿ ಹುರಳಿ ತೆಗೆದು ಅಂಗೈಯಲ್ಲಿ ಕಲ್ಲು ಆರಿಸುತ್ತಾ ಕೂತರು.

"ನಮ್ಮಲ್ಲಿ ಲಿಂಗೈಕ್ಯ ಆದ್ರು ಅಂದ್ರೆ ಮುಗೀತು, ಸತ್ತೋರ ಹಸಿವಿನ ವಿಚಾರ ನನಗೆ ತಿಳಿಯಲ್ಲ," ಎಂದರು. "ಆದ್ರೆ ಒಂದು ತಿಳೀತದೆ. ನೀವು ಬಾಡು ತಿನ್ನೋ ಕಾಲದಲ್ಲೂ ನಮ್ಮನೆಲಿ ಎಷ್ಟು ಸಲ ಉಂಡಿದೀರಿ. ನಿಮ್ಮ ಎಲೆಗೆ ಬಡಿಸಿದ್ದು ನಮ್ಮನೆ ಅಡುಗೆ, ಯಾಕಂದ್ರೆ ಅದು ನಮ್ಮನೆ. ನಿಮ್ಮೂರ ಮನೆ ಯಾರ್ದು ಮೇಷ್ಟ್ರೇ? ನಿಮ್ಮದಾ, ನಿಮ್ಮಪ್ಪಂದಾ? ಅವರ ಮನೆಗೆ ಅವರನ್ನೇ ಕರೆದು, ನಿಮ್ಮ ಊಟ ಬಡಿಸಿ ಕಳಿಸಿದ್ರಿ."

ನಾನು ಬಾಯಿ ತೆರೆದೆ. ಅವರು ಕೈ ಅಡ್ಡ ತಂದರು. "ಇನ್ನೊಂದು. ನಿಮ್ಮ ತಾಯೋರು ಬಾಡು ಬಿಟ್ಟವ್ರೋ, ಇಲ್ಲ ಕಾಯ್ತಾ ಅವ್ರೋ? ಕೇಳಿದೀರಾ?"

ಕೇಳಿರಲಿಲ್ಲ. ಆ ಶನಿವಾರವೇ ಊರಿಗೆ ಹೋದೆ. ಅಮ್ಮ ಹಿತ್ತಲಲ್ಲಿ ಸೊಪ್ಪು ಕೀಳುತ್ತಿದ್ದಳು. ಬಾಡು ಯಾಕೆ ತಿನ್ನುತ್ತಿಲ್ಲ ಎಂದು ಕೇಳಿದೆ. "ನಿಮ್ಮಪ್ಪನ ಎಲೆಗೆ ಇಕ್ದೆ ನನ್ ಗಂಟ್ಲಲ್ಲಿ ಎಂಗ್ಲಾ ಇಳ್ದದು?" ಎಂದು, ತಲೆ ಎತ್ತದೆ ಸೊಪ್ಪು ಕೀಳುವುದನ್ನು ಮುಂದುವರಿಸಿದಳು. ನನ್ನ ಗೆಲುವಿಗೆ ಸಾಕ್ಷಿ ಎಂದು ಊರೆಲ್ಲ ತೋರಿಸಿಕೊಂಡು ತಿರುಗಿದ್ದು ನನ್ನ ತಾಯಿಯ ಉಪವಾಸವನ್ನು. ನನಗೆ ಅಲ್ಲಿ ನಿಲ್ಲಲಾಗದೆ ಕೊಟ್ಟಿಗೆಯ ಕಡೆಗೆ ಹೋಗಿ ಅತ್ತೆ.

ಮರುವರ್ಷದ ಹಿರಿಯರ ಹಬ್ಬಕ್ಕೆ ನಾನೇ ಗುಡ್ಡೆಬಾಡಿನ ಜಾಗಕ್ಕೆ ಹೋದೆ. ನಮ್ಮ ಕಡೆ ಹಬ್ಬಕ್ಕೆ ನಾಲ್ಕಾರು ಮನೆಯವರು ಸೇರಿ ಆಡು ಕುಯ್ದು, ಮುತ್ತುಗದ ಎಲೆಯ ಮೇಲೆ ಸಮನಾಗಿ ಗುಡ್ಡೆ ಹಾಕಿ ಹಂಚಿಕೊಳ್ಳುತ್ತಾರೆ. ನನ್ನನ್ನು ಕಂಡು ಎಲ್ಲರಿಗೂ ನಗು. "ಏನ್ ಮೇಷ್ಟ್ರೇ, ಆಡಿಗೆ ಪಾಠ ಯೋಳಕ್ಕೆ ಬಂದ್ರಾ?" ಎಂದರು. ನನ್ನ ಪಾಲಿನ ಗುಡ್ಡೆ ನೀವೇ ಇಟ್ಟುಕೊಳ್ಳಿ, ನನಗೆ ಬೋಟಿ ಪೂರ್ತಿ ಬೇಕು, ನಮ್ಮಪ್ಪನಿಗೆ ಎಂದೆ. ನಗು ನಿಂತಿತು. ಬೋಟಿಯನ್ನು ಎಲೆಯಲ್ಲಿ ಸುತ್ತಿ ಕೈಗೆ ಕೊಟ್ಟರು. ಇನ್ನೂ ಬೆಚ್ಚಗಿತ್ತು. ಸಂತೆಯ ಕೋಳಿಯ ಮೊಟ್ಟೆ ನೆನಪಾಯಿತು. ಸುಳ್ಳೇಕೆ, ಮೈಯಿಂದ ದೂರ ಹಿಡಿದುಕೊಂಡೇ ಮನೆಗೆ ಬಂದೆ.

ಬೋಟಿ ತೊಳೆಯುವುದು ಸಾಮಾನ್ಯ ಕೆಲಸವಲ್ಲ. ಹೊಟ್ಟೆಯನ್ನು ಬಿಸಿನೀರಿಗೆ ಅದ್ದಿ ಕರಿ ಪೊರೆ ಹೆರೆಯಬೇಕು. ಕರುಳನ್ನು ಕಡ್ಡಿಯಿಂದ ಒಳಮಗ್ಗುಲು ತಿರುವಿ ಉಪ್ಪು, ಅರಿಶಿನ ಹಾಕಿ ಉಜ್ಜಬೇಕು. ಅಮ್ಮ ಕೈ ಚಾಚಿದಾಗ ನಾನು ಕೊಡಲಿಲ್ಲ. ಬಾವಿಕಟ್ಟೆಯ ಹತ್ತಿರ ಕುಳಿತು ನಾನೇ ಏಳು ನೀರಿನಲ್ಲಿ ತೊಳೆದೆ. ಅವಳು ಪಕ್ಕದಲ್ಲಿ ನಿಂತು, ಅಲ್ಲಿ ಉಜ್ಜು, ಇಲ್ಲಿ ಹೆರೆ ಎಂದು ಹೇಳಿಕೊಟ್ಟಳು.

ಎಡೆಯ ಅಡುಗೆಯನ್ನು ಇಡುವ ಮೊದಲು ಯಾರೂ ರುಚಿ ನೋಡುವಂತಿಲ್ಲ. ಅಮ್ಮ ಕೈಯಳತೆಯಲ್ಲೇ ಉಪ್ಪು ಹಾಕಿದಳು. ಹಾಕಿ, ಒಂದು ಗಳಿಗೆ ನಿಂತು, ಇನ್ನೊಂದು ಹಿಡಿ ಹಾಕಿದಳು. ನಾನು ಅಪ್ಪನ ಎಲೆಗೆ ಮುದ್ದೆಯಿಟ್ಟು, ಗೊಜ್ಜು ಬಡಿಸಿ, ಧೂಪ ಹಾಕಿ, ಬಾಗಿಲೆಳೆದೆ. ಇಬ್ಬರೂ ಜಗಲಿಯಲ್ಲಿ ಕುಳಿತೆವು. ಆ ಹೊತ್ತಿನಲ್ಲಿ ಸತ್ತವರು ಉಣ್ಣುವುದಿಲ್ಲ ಎಂದು ನನ್ನನ್ನು ಯಾರಾದರೂ ಒಪ್ಪಿಸಲು ಬಂದಿದ್ದರೆ ಕಪಾಳಕ್ಕೆ ಹೊಡೆಯುತ್ತಿದ್ದೆನೇನೋ.

ಬಾಗಿಲು ತೆಗೆದ ಮೇಲೆ ಅಮ್ಮ ನೇರವಾಗಿ ಹೋಗಿ ಅಪ್ಪನ ಎಲೆಯ ಮುಂದೆ ಕುಳಿತಳು. ಎಡೆ ಉಣ್ಣುವ ಹಕ್ಕು ಅವಳದು. ನನಗೆ ಬೇರೆ ಗಡಿಗೆಯಲ್ಲಿ ಅಲಸಂದೆ ಕಾಳಿನ ಸಾರು ಮಾಡಿಟ್ಟಿದ್ದಳು. ಅದನ್ನು ಬಡಿಸಿಕೊಂಡು ನಾನು ಎದುರಿಗೆ ಕುಳಿತೆ. ಅಪ್ಪ ಹೋದ ಒಂದೂವರೆ ವರ್ಷದ ಮೇಲೆ ಅವಳು ಮುದ್ದೆ ಮುರಿದು ಗೊಜ್ಜಿಗೆ ಅದ್ದಿ ನುಂಗಿದಳು. ಕಣ್ಣಲ್ಲಿ ನೀರು ಬಂತು.

"ಖಾರ ಆಯ್ತಾ ಅವ್ವ?" ಎಂದು ಕೇಳಿದೆ.

"ಉಪ್ಪು ಮುಂದಾಗ್ಬುಟ್ಟದೆ ಕಣ್ಲಾ," ಎಂದಳು. ಇನ್ನೊಂದು ತುತ್ತು ಮುರಿದಳು. "ಇರ್ಲಿ ಬುಡು. ನಿಮ್ಮಪ್ಪ ಇವತ್ತು ಪಥ್ಯ ಬುಟ್ರು. ಅಷ್ಟು ಉಪ್ಪು ಬೇಕು."