ಪುಣಜನೂರಿನ ಹುಡುಗಿಗೆ ಬಿಟ್ಟ ಜಾಗ

ಈಗ ಗೋಡೆ ಹಿಡಿದು ನಡೆಯುವ ನಿಮ್ಮ ಈ ಅಜ್ಜಿ, ಚಿಕ್ಕವಳಿದ್ದಾಗ ಚಂದಕವಾಡಿಯಲ್ಲಿ ಎಲ್ಲರಿಗಿಂತ ಜೋರಾಗಿ ಓಡುತ್ತಿದ್ದಳು ಎಂದರೆ ನೀವು ನಗುತ್ತೀರಿ. ನಗಿ, ಆದರೆ ಕೇಳಿ. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ನಾನು ಆಗ ಒಂಬತ್ತನೇ ಕ್ಲಾಸು.

ಶಾಲೆಗಳ ಕ್ರೀಡಾಕೂಟ ಮೊದಲು ಹೋಬಳಿಯಲ್ಲಿ ನಡೆಯುತ್ತಿತ್ತು. ಅಲ್ಲಿ ಗೆದ್ದವರು ತಾಲ್ಲೂಕಿಗೆ, ತಾಲ್ಲೂಕಿನಿಂದ ಜಿಲ್ಲೆಗೆ. ಪ್ರತಿ ಓಟದಲ್ಲೂ ಮೊದಲಿಬ್ಬರು ಮಾತ್ರ ಮುಂದೆ ಹೋಗುತ್ತಿದ್ದರು. ಬೇರೆ ಬೇರೆ ಶಾಲೆಗಳ ಪಿ.ಟಿ. ಮೇಷ್ಟ್ರುಗಳೇ ಸೇರಿ ತೀರ್ಪು ಕೊಡುತ್ತಿದ್ದರು.

ತಾಲ್ಲೂಕಿನ ಕೂಟ ಚಾಮರಾಜನಗರದಲ್ಲಿತ್ತು. ಅಪ್ಪನೂ ಜೊತೆಗೆ ಬಂದಿದ್ದರು. ಕಣ್ಣು ಕುಕ್ಕುವ ಬಿಸಿಲು, ಸುಣ್ಣದ ಪುಡಿಯ ಗೆರೆಗಳು, ನಾಲಿಗೆಯ ಮೇಲೆ ಗ್ಲೂಕೋಸ್ ಪುಡಿಯ ತಂಪು. ಎಂಟುನೂರು ಮೀಟರ್ ಓಟಕ್ಕೆ ನನ್ನ ಪಕ್ಕ ನಿಂತವಳು ಪುಣಜನೂರಿನ ಒಬ್ಬ ಹುಡುಗಿ. ಬರಿಗಾಲಲ್ಲಿದ್ದಳು. ನನ್ನನ್ನು ನೋಡಿ ಸುಮ್ಮನೆ ನಕ್ಕಳು. ಸೀಟಿ ಊದಿದ್ದೇ ತಡ, ಅವಳ ಅಂಗಾಲಿನ ಪಟಪಟ ಸದ್ದು ಮುಂದೆ ಮುಂದೆ ಹೋಯಿತು.

ಕೊನೆಯ ತಿರುವಿನವರೆಗೂ ನಾನು ಅವಳ ಬೆನ್ನಿಗೇ ಇದ್ದೆ. ಆಮೇಲೆ ಇನ್ನೊಬ್ಬಳು ನನ್ನನ್ನು ದಾಟಿದಳು. ಪುಣಜನೂರಿನವಳು ಮೊದಲು ಬಂದಳು, ನಾನು ಮೂರನೆಯವಳು.

ಅಷ್ಟರಲ್ಲಿ ಯಾರೋ ತಕರಾರು ತೆಗೆದರು. ಆ ಹುಡುಗಿ ತಿರುವಿನಲ್ಲಿ ಗೆರೆ ತುಳಿದು ಒಳಗೆ ಓಡಿದಳಂತೆ. ಮೇಷ್ಟ್ರುಗಳು ಮರದ ನೆರಳಲ್ಲಿ ಗುಂಪಾಗಿ ಮಾತಾಡಿ ಅವಳನ್ನು ಓಟದಿಂದ ಕೈಬಿಟ್ಟರು. ನಾನು ಎರಡನೆಯವಳಾದೆ.

ನಾನು ಅವರ ಬಳಿ ಓಡಿದೆ. "ಇಲ್ಲ ಸಾ, ಅವ್ಳು ತುಳೀಲಿಲ್ಲ. ನಾ ಹಿಂದ್ಗಡೆನೇ ಇದ್ದೆ."

"ನೀ ಹೇಳಂಗಿಲ್ಲ ಕಣಮ್ಮಿ," ಅಂದರು ಒಬ್ಬ ಮೇಷ್ಟ್ರು. "ಅವ್ರ ಸ್ಕೂಲ್ ಮೇಷ್ಟ್ರೇ ಬರ್ಕೊಡ್ಬೇಕು. ಅದೂ ಅರ್ಧ ಗಂಟೆ ಒಳ್ಗೆ."

ಅವಳ ಮೇಷ್ಟ್ರು ಉಳಿದ ಮಕ್ಕಳನ್ನು ಕರೆತರಲು ಬಸ್ ಸ್ಟ್ಯಾಂಡಿಗೆ ಹೋಗಿದ್ದರು. ಅಪ್ಪ ಹುಡುಕಿಕೊಂಡು ಹೋಗಿ ಅವರನ್ನು ಕರೆತರುವಷ್ಟರಲ್ಲಿ ಹೊತ್ತು ಮೀರಿತ್ತು. ಆ ಹುಡುಗಿ ಅಳಲಿಲ್ಲ. ತಿರುವಿಗೆ ಹೋಗಿ ಆ ಗೆರೆಯನ್ನೇ ನೋಡುತ್ತಾ ನಿಂತಿದ್ದಳು. ಸಂಜೆ ಅವಳ ಹೆಸರು ಕೇಳಬೇಕೆಂದು ಹೊರಟೆ. ಅಷ್ಟರಲ್ಲಿ ಅವರ ಬಸ್ಸಿಗೆ ಹೊತ್ತಾಗಿತ್ತು.

ಜಿಲ್ಲೆಯ ಕೂಟ ಗುಂಡ್ಲುಪೇಟೆಯಲ್ಲಿ. ದಾರಿಯುದ್ದಕ್ಕೂ ಚೆಂಡು ಹೂವಿನ ಹೊಲಗಳು, ಬಸ್ಸಿನೊಳಗೂ ಅದರ ಘಾಟು. ಓಟ ಶುರುವಾದಾಗ ಚೆನ್ನಾಗಿಯೇ ಓಡಿದೆ, ಎರಡನೆಯ ಸ್ಥಾನದಲ್ಲಿದ್ದೆ. ಕೊನೆಯ ತಿರುವಿನಲ್ಲಿ ನನ್ನ ಎಡಗಡೆ ಆ ಸದ್ದು ಕೇಳಿಸಿತು. ಪಟಪಟ, ಪಟಪಟ, ಬರಿಗಾಲು. ನಾನು ಬಲಕ್ಕೆ ಸರಿದೆ. ಎಡಗಡೆ ನೋಡಿದರೆ ಬರಿ ಕೆಂಪು ಧೂಳು. ಇಬ್ಬರು ನನ್ನನ್ನು ದಾಟಿ ಹೋದರು.

"ಚೆಂದಾಗೇ ಓಡ್ತಿದ್ದೆಯಲ್ಲಮ್ಮಿ, ಯಾಕೆ ಪಕ್ಕಕ್ ಸರುದ್ಬುಟ್ಟೆ?" ಅಪ್ಪ ಕೇಳಿದರು.

"ಅವ್ಳಿಗೆ ಜಾಗ ಬುಟ್ಟೆ ಕಣಪ್ಪ."

ಅಪ್ಪ ಟವೆಲ್ಲಿನಿಂದ ನನ್ನ ಮುಖ ಒರೆಸಿದರು. ಮುಂದಿನ ವರ್ಷ ತಾಲ್ಲೂಕಿನ ಕೂಟದಲ್ಲಿ ಅವಳಿಗಾಗಿ ಹುಡುಕಿದೆ. ಅವಳು ಬಂದಿರಲಿಲ್ಲ.

ನಿಮ್ಮ ಕೂಟಗಳಲ್ಲಿ ತಿರುವಿಗೊಂದು ಕ್ಯಾಮೆರಾ ಇದೆ. ತಕರಾರನ್ನು ಓಡಿದ ಮಗುವೇ ಹೇಳಬಹುದು. ಮೊನ್ನೆ ಕೈಬಿಟ್ಟ ಒಬ್ಬ ಹುಡುಗಿಯನ್ನು ವಿಡಿಯೋ ನೋಡಿ ಮತ್ತೆ ಸೇರಿಸಿಕೊಂಡಾಗ ನೀವೆಲ್ಲ ಎದ್ದು ಚಪ್ಪಾಳೆ ತಟ್ಟಿದಿರಿ. ನಾನು ಕೂತೇ ಇದ್ದೆ. ಪುಣಜನೂರಿನವಳೂ ಈಗ ಎಲ್ಲೋ ಅಜ್ಜಿಯಾಗಿರಬೇಕು. ಮೊಮ್ಮಕ್ಕಳು ಸುತ್ತ ಕೂತಾಗ ಆ ದಿನದ ಕತೆಯನ್ನು ಹೇಗೆ ಹೇಳುತ್ತಾಳೋ. ಅವಳ ಕತೆಯಲ್ಲಿ ನಾನು ಯಾರೋ.